ನಿಲ್ಲದ ಮೀನು, ಮುಗಿಯದ ಪಾಲು

ಮಂಗಳೂರಿನ ಮೀನೂಟದ ಹೋಟೆಲಿನಲ್ಲಿ ಕುಳಿತು ಅಂಜಲ್ ತವಾ ಫ್ರೈ ಹೇಳುವವರಿಗೆ ಆ ತುಂಡಿನ ಬೆಲೆ ಚೆನ್ನಾಗಿ ಗೊತ್ತಿರುತ್ತದೆ. ಅದೇ ಅಂಜಲಿನ ಬಗ್ಗೆ ಸೆಶೆಲ್ಸ್ ದ್ವೀಪರಾಷ್ಟ್ರದ ವಿಕ್ಟೋರಿಯಾ ಪಟ್ಟಣದ ಒಂದು ಕಚೇರಿಯಲ್ಲಿ ಕಡತವಿದೆ ಎಂಬುದು ಗೊತ್ತಿರುವುದು ಕಡಿಮೆ. ಆ ಕಚೇರಿ ಹಿಂದೂ ಮಹಾಸಾಗರ ಟ್ಯೂನಾ ಆಯೋಗದ್ದು. ಹೆಸರು ಟ್ಯೂನಾದ್ದಾದರೂ ಅದರ ಸುಪರ್ದಿಯಲ್ಲಿರುವುದು 16 ಜಾತಿಯ ಮೀನುಗಳು. ಡಬ್ಬಿಗೆ ಸೇರುವ ಸ್ಕಿಪ್‌ಜಾಕ್, ಹಳದಿ ರೆಕ್ಕೆಯ ಯೆಲ್ಲೋಫಿನ್, ದೊಡ್ಡ ಕಣ್ಣಿನ ಬಿಗ್‌ಐ ಅದರಲ್ಲಿವೆ. ನಮ್ಮ ಕರಾವಳಿಯವರು ಕೇದರ ಎಂದು ಕರೆಯುವ ಸಣ್ಣ ಟ್ಯೂನಾ ಇದೆ. ಟ್ಯೂನಾದ ದಾಯಾದಿಯಾದ ಅಂಜಲ್ ಕೂಡ ಇದೆ. ಭಾರತವೂ ಸೇರಿದಂತೆ ಸುಮಾರು ಮೂವತ್ತು ಸದಸ್ಯರು ವರ್ಷಕ್ಕೊಮ್ಮೆ ಸಭೆ ಸೇರಿ, ಈ ಮೀನುಗಳಲ್ಲಿ ಯಾರು ಎಷ್ಟು ಹಿಡಿಯಬಹುದು ಎಂದು ಚರ್ಚಿಸುತ್ತಾರೆ. ಚರ್ಚೆ ಎನ್ನುವುದು ಸಭ್ಯ ಮಾತು. ನಿಜವಾಗಿ ಅಲ್ಲಿ ನಡೆಯುವುದು ಆಸ್ತಿ ಪಾಲಿನ ದಾವೆ. ದಾವೆಯ ಆಸ್ತಿ ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ.

ನಿಲ್ಲುವುದಿಲ್ಲ ಎನ್ನುವುದು ಅಲಂಕಾರದ ಮಾತಲ್ಲ. ಹೆಚ್ಚಿನ ಮೀನುಗಳು ನಿಂತ ನೀರಿನಲ್ಲೂ ಬಾಯಿ ಆಡಿಸಿ ಕಿವಿರುಗಳಿಗೆ ನೀರು ಹಾಯಿಸಿಕೊಳ್ಳಬಲ್ಲವು. ಟ್ಯೂನಾಗೆ ಅದು ಆಗದು. ಬಾಯಿ ತೆರೆದು ಮುಂದಕ್ಕೆ ಈಜುತ್ತಲೇ ಇರಬೇಕು, ಈಜು ನಿಂತರೆ ಉಸಿರು ನಿಲ್ಲುತ್ತದೆ. ಸುತ್ತಲ ನೀರಿಗಿಂತ ತನ್ನ ಮೈಯನ್ನು ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಇರುವುದರಿಂದ ಅದು ತಣ್ಣೀರಿನ ಆಳಕ್ಕೂ ಇಳಿಯುತ್ತದೆ, ಸಾಗರ ದಾಟಿಯೂ ಹೋಗುತ್ತದೆ. 2005ರಿಂದ ಕೆಲವು ವರ್ಷ ಹಿಂದೂ ಮಹಾಸಾಗರದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯೂನಾಗಳಿಗೆ ಗುರುತಿನ ಪಟ್ಟಿ ಚುಚ್ಚಿ ಬಿಡಲಾಯಿತು. ಆಫ್ರಿಕಾದ ಕಡೆ ಬಿಟ್ಟ ಮೀನುಗಳು ಸಾವಿರಾರು ಕಿಲೋಮೀಟರ್ ಆಚೆ ಬೇರೆ ದೇಶದವರ ಬಲೆಗೆ ಬಿದ್ದವು. ಇವತ್ತು ಮಾಲ್ದೀವ್ಸ್ ಉಳಿಸಿದ ಮೀನನ್ನು ನಾಳೆ ಇನ್ನೊಬ್ಬರು ಹಿಡಿಯುತ್ತಾರೆ ಎಂದಾದರೆ ಮಾಲ್ದೀವ್ಸ್ ಏಕೆ ಉಳಿಸಬೇಕು?

ಈ ಪ್ರಶ್ನೆ ನಮ್ಮ ಬೋಟಿನವರಿಗೆ ಹೊಸದಲ್ಲ. ಕರ್ನಾಟಕದಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಪಕ್ಕದ ಕೇರಳದಲ್ಲಿ 52 ದಿನ. ಆ ಒಂಬತ್ತು ದಿನಗಳ ವ್ಯತ್ಯಾಸಕ್ಕೇ ಮೀನು ಇಳಿಸುವ ದಕ್ಕೆಯಲ್ಲಿ ಎಷ್ಟು ಮಾತು ಹುಟ್ಟುತ್ತದೆ ಎಂದು ಕೇಳಿದವರಿಗೆ ಗೊತ್ತು. ಒಂದೇ ಸಂವಿಧಾನದ ಎರಡು ರಾಜ್ಯಗಳ ನಡುವೆಯೇ ಹೀಗಾದರೆ ಇರಾನ್, ಸ್ಪೇನ್, ಇಂಡೊನೇಷ್ಯಾ, ಸೊಮಾಲಿಯಾ, ಜಪಾನ್ ಒಂದೇ ಮೇಜಿಗೆ ಬಂದಾಗಿನ ಪಾಡನ್ನು ಊಹಿಸಿಕೊಳ್ಳಬಹುದು.

ಕಾನೂನು ಇಲ್ಲವೆಂದಲ್ಲ. 1982ರ ವಿಶ್ವಸಂಸ್ಥೆಯ ಸಾಗರ ಕಾನೂನು ಒಪ್ಪಂದ ಪ್ರತಿ ಕರಾವಳಿ ದೇಶಕ್ಕೂ ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗಿನ ನೀರನ್ನು ವಿಶೇಷ ಆರ್ಥಿಕ ವಲಯವಾಗಿ ಕೊಟ್ಟಿತು. ಅದರಾಚೆಯದು ಎಲ್ಲರಿಗೂ ತೆರೆದ ಸಮುದ್ರ. ಆದರೆ ಟ್ಯೂನಾ ಎರಡರಲ್ಲೂ ಓಡಾಡುತ್ತದಲ್ಲ? ಅದಕ್ಕಾಗಿ ಅದೇ ಒಪ್ಪಂದದ 64ನೇ ವಿಧಿ, ದೂರ ವಲಸೆ ಹೋಗುವ ಮೀನುಗಳ ವಿಷಯದಲ್ಲಿ ಕರಾವಳಿ ದೇಶಗಳೂ ಅವುಗಳನ್ನು ಹಿಡಿಯುವ ಇತರ ದೇಶಗಳೂ ಸಹಕರಿಸಬೇಕು ಎಂದಿತು. ಹೇಗೆ ಸಹಕರಿಸಬೇಕು, ಪಾಲು ಹೇಗೆ ಎಂಬುದನ್ನು ಹೇಳಲಿಲ್ಲ. ಆ ಜಾಗವನ್ನು ತುಂಬುತ್ತಿರುವುದು ಐದು ಆಯೋಗಗಳು. ಪೂರ್ವ ಪೆಸಿಫಿಕ್‌ನದು 1949ರ ಒಪ್ಪಂದದಿಂದ ಹುಟ್ಟಿದ್ದು, ಎಲ್ಲಕ್ಕಿಂತ ಹಳೆಯದು. ಅಟ್ಲಾಂಟಿಕ್‌ನದು ಮ್ಯಾಡ್ರಿಡ್‌ನಲ್ಲಿದೆ. ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ಗೆ ಒಂದು, ದಕ್ಷಿಣದ ಬ್ಲೂಫಿನ್ ಎಂಬ ಒಂದೇ ಜಾತಿಗೆ ಮತ್ತೊಂದು. ಐದನೆಯದು ನಮ್ಮದು, 1996ರಲ್ಲಿ ಜಾರಿಗೆ ಬಂದದ್ದು.

ನಮ್ಮ ಆಯೋಗದ ನಿಯಮಾವಳಿಯಲ್ಲಿ ಒಂದು ಕಿಂಡಿ ಇದೆ. ಹಾಜರಿದ್ದು ಮತ ಹಾಕುವ ಸದಸ್ಯರಲ್ಲಿ ಮೂರನೇ ಎರಡು ಭಾಗ ಒಪ್ಪಿದರೆ ನಿರ್ಣಯ ಪಾಸಾಗುತ್ತದೆ, ಎಲ್ಲರನ್ನೂ ಬಂಧಿಸುತ್ತದೆ. ಆದರೆ ಯಾವ ಸದಸ್ಯನಾದರೂ 120 ದಿನಗಳೊಳಗೆ ಆಕ್ಷೇಪ ಬರೆದು ಕಳಿಸಿದರೆ ಆ ನಿರ್ಣಯ ಅವನಿಗೆ ಅನ್ವಯಿಸುವುದಿಲ್ಲ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸದಸ್ಯರು ಹಾಗೆ ಬರೆದರೆ ಅದು ಯಾರನ್ನೂ ಬಂಧಿಸುವುದಿಲ್ಲ. ಪಂಚಾಯಿತಿಯಲ್ಲಿ ಕುಳಿತು ತೀರ್ಪು ಕೇಳಿ, ಮನೆಗೆ ಹೋಗಿ ಒಂದು ಕಾಗದ ಬರೆದು ತೀರ್ಪಿನಿಂದ ಹೊರಗೆ ಬರುವ ಅವಕಾಶ ಇದು. ಇಂಥ ಕಿಂಡಿ ಇಲ್ಲದಿದ್ದರೆ ಅನೇಕ ದೇಶಗಳು ಸದಸ್ಯರೇ ಆಗುತ್ತಿರಲಿಲ್ಲ ಎಂಬುದೂ ನಿಜ. ಸಾರ್ವಭೌಮ ದೇಶಗಳನ್ನು ಕೂರಿಸಿಕೊಳ್ಳುವ ಬೆಲೆ ಅದು.

ಆ ಬೆಲೆ ಎಷ್ಟೆಂದು ಯೆಲ್ಲೋಫಿನ್ ಕಥೆ ಹೇಳುತ್ತದೆ. 2015ರಲ್ಲಿ ಆಯೋಗದ ವಿಜ್ಞಾನಿಗಳು ಹಿಂದೂ ಮಹಾಸಾಗರದ ಯೆಲ್ಲೋಫಿನ್ ಸಂಗ್ರಹ, ಅಂದರೆ ಸಮುದ್ರದಲ್ಲಿರುವ ಆ ಮೀನಿನ ಒಟ್ಟು ಪ್ರಮಾಣ, ಕುಸಿದಿದೆ, ಹಿಡಿಯುವುದೂ ಮಿತಿ ಮೀರಿದೆ ಎಂದರು. ಮರುವರ್ಷವೇ ಚೇತರಿಕೆ ಯೋಜನೆ ಬಂತು. ಹೆಚ್ಚು ಹಿಡಿಯುವ ದೇಶಗಳ ಪರ್ಸೀನ್ ಹಡಗುಗಳು (ಮೀನಿನ ಗುಂಪನ್ನೇ ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವವು) 2014ರ ಮಟ್ಟಕ್ಕಿಂತ ಶೇ 15, ಗಿಲ್‌ನೆಟ್ (ನೀರಿನಲ್ಲಿ ಗೋಡೆಯಂತೆ ನಿಲ್ಲುವ ಬಲೆ) ಮತ್ತು ಲಾಂಗ್‌ಲೈನ್‌ನವರು (ಸಾಲುಸಾಲು ಗಾಳಗಳ ಉದ್ದನೆಯ ಹಗ್ಗ ಬಿಡುವವರು) ಶೇ 10 ಕಡಿಮೆ ಮಾಡಬೇಕೆಂದು ಅದರ ಮುಖ್ಯ ಲೆಕ್ಕ. ಇಂತಿಷ್ಟು ಟನ್‌ಗಿಂತ ಕಡಿಮೆ ಹಿಡಿಯುವವರಿಗೆ ವಿನಾಯಿತಿ. ವಿನಾಯಿತಿ ಪಡೆದವರು ಹಿಡಿಯುವುದನ್ನು ಹೆಚ್ಚಿಸಿದರು, ಕಡಿತಕ್ಕೆ ಒಳಗಾದವರಲ್ಲಿ ಕೆಲವರು ಪಾಲಿಸಿದರು, ಕೆಲವರು ಪಾಲಿಸಲಿಲ್ಲ. 2018ರ ಹೊತ್ತಿಗೆ ಒಟ್ಟು ಹಿಡಿತ ಇಳಿಯುವ ಬದಲು 2014ರ ಮಟ್ಟವನ್ನೂ ದಾಟಿತ್ತು. ಯೋಜನೆಯನ್ನು 2021ರಲ್ಲಿ ಬಿಗಿಗೊಳಿಸಿದಾಗ ಆಕ್ಷೇಪದ ಕಾಗದಗಳು ಬಂದವು: ಭಾರತ, ಇಂಡೊನೇಷ್ಯಾ, ಇರಾನ್, ಒಮಾನ್, ಮಡಗಾಸ್ಕರ್, ಸೊಮಾಲಿಯಾ.

ಆ ಪಟ್ಟಿಯನ್ನು ನೋಡಿ ಇವರೆಲ್ಲ ಮೀನು ಮುಗಿಸಲು ನಿಂತವರು ಎಂದುಕೊಳ್ಳುವುದು ಸುಲಭ, ಯುರೋಪಿನ ಕೆಲವರು ಹಾಗೆ ಅಂದುಕೊಂಡದ್ದೂ ಉಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಆರೂ ಕರಾವಳಿ ದೇಶಗಳು. ಹಿಂದೂ ಮಹಾಸಾಗರದ ವಿಶೇಷವೇ ಇದು: ಇಲ್ಲಿನ ಟ್ಯೂನಾದಲ್ಲಿ ಸುಮಾರು ಅರ್ಧವನ್ನು ಹಿಡಿಯುವುದು ಸಣ್ಣ ದೋಣಿಗಳು. ಇರಾನ್, ಒಮಾನ್, ಪಾಕಿಸ್ತಾನಗಳ ಗಿಲ್‌ನೆಟ್‌ನವರು, ಮಾಲ್ದೀವ್ಸ್‌ನ ಮತ್ತು ನಮ್ಮ ಲಕ್ಷದ್ವೀಪದ ಕೋಲುಗಾಳದವರು. ಮಿನಿಕಾಯ್‌ನಲ್ಲಿ ಜೀವಂತ ಸಣ್ಣ ಮೀನುಗಳನ್ನು ನೀರಿಗೆ ಎರಚಿ, ಸ್ಕಿಪ್‌ಜಾಕ್ ಗುಂಪು ಮೇಲೆ ಬಂದಾಗ ಕೋಲಿಗೆ ಕಟ್ಟಿದ ಗಾಳದಿಂದ ಒಂದೊಂದನ್ನೇ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಅದನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ ಮಾಸ್‌ಮೀನ್ ಮಾಡುತ್ತಾರೆ. ಇನ್ನೊಂದು ಬದಿಯಲ್ಲಿ ಸ್ಪೇನ್ ಮತ್ತು ಫ್ರಾನ್ಸ್‌ನ ಪರ್ಸೀನ್ ಹಡಗುಗಳಿವೆ. ಒಂದೇ ಬೀಸಿಗೆ ಹತ್ತಾರು ಟನ್, ಕೆಲವೊಮ್ಮೆ ನೂರು ಟನ್‌ಗೂ ಮೀರಿ. ಇಬ್ಬರಿಗೂ ಶೇಕಡಾ ಲೆಕ್ಕದಲ್ಲಿ ಕಡಿತ ಹಾಕಿದರೆ ಕಾಗದದ ಮೇಲೆ ಸಮಾನತೆ ಕಾಣುತ್ತದೆ. ದೋಣಿಯವನಿಗೆ ಅದು ಕಾಣುವುದಿಲ್ಲ.

2023ರ ಫೆಬ್ರವರಿಯಲ್ಲಿ ಮೊಂಬಾಸಾದಲ್ಲಿ ನಡೆದ ವಿಶೇಷ ಅಧಿವೇಶನದಲ್ಲಿ ಈ ಅಸಮಾಧಾನ ತಿರುಗಿ ನಿಂತಿತು. ವಿಷಯ ತೇಲುತೆಪ್ಪ. ತೆರೆದ ಸಮುದ್ರದಲ್ಲಿ ಏನೇ ತೇಲಿದರೂ, ಒಂದು ಮರದ ದಿಮ್ಮಿಯಾದರೂ, ಅದರಡಿಗೆ ಮೀನು ಕೂಡುತ್ತದೆ. ಇದು ನಮ್ಮವರಿಗೂ ಗೊತ್ತು. ಕರ್ನಾಟಕದ ಕರಾವಳಿಯಲ್ಲಿ ತೆಂಗಿನ ಗರಿ, ಹೊಂಬಾಳೆ ಕಟ್ಟಿ ಮುಳುಗಿಸಿ ಕಪ್ಪೆಬೊಂಡಾಸ (ಕಟ್ಲ್‌ಫಿಶ್) ಹಿಡಿಯುವುದುಂಟು, ಅದರಿಂದ ಟ್ರಾಲ್ ಬೋಟಿನವರೊಂದಿಗೆ ಜಗಳವಾದದ್ದೂ ಉಂಟು. ಪರ್ಸೀನ್ ಹಡಗುಗಳು ಇದನ್ನೇ ಕಾರ್ಖಾನೆಯ ಮಟ್ಟಕ್ಕೆ ಒಯ್ದವು. ತೆಪ್ಪಕ್ಕೆ ಉಪಗ್ರಹದ ಸಂಕೇತ, ಕೆಳಗೆ ಎಷ್ಟು ಮೀನು ಕೂಡಿದೆ ಎಂದು ಹೇಳುವ ಸೋನಾರ್. ಹಡಗು ಹುಡುಕಬೇಕಿಲ್ಲ, ಮೀನು ಕೂಡಿದ ತೆಪ್ಪಕ್ಕೆ ನೇರ ಹೋಗಬಹುದು. ತೊಂದರೆ ಏನೆಂದರೆ ಸ್ಕಿಪ್‌ಜಾಕ್ ಜೊತೆಗೆ ಯೆಲ್ಲೋಫಿನ್ ಮತ್ತು ಬಿಗ್‌ಐಗಳ ಮರಿಗಳೂ ಅದೇ ತೆಪ್ಪದಡಿ ಇರುತ್ತವೆ. ಸ್ಕಿಪ್‌ಜಾಕ್ ಒಂದು ವರ್ಷದ ಆಸುಪಾಸಿನಲ್ಲೇ ಮೊಟ್ಟೆಯಿಡುವ ಮೀನು, ಬೇಗ ಹೆಚ್ಚುತ್ತದೆ. ಉಳಿದೆರಡು ಹಾಗಲ್ಲ, ಸಂತಾನಕ್ಕೆ ಮೊದಲೇ ಡಬ್ಬಿ ಸೇರುತ್ತವೆ.

ಇಂಡೊನೇಷ್ಯಾ, ಭಾರತವೂ ಸೇರಿ ಹತ್ತು ಕರಾವಳಿ ದೇಶಗಳ ಜೊತೆಗೂಡಿ, ವರ್ಷಕ್ಕೆ 72 ದಿನ ತೇಲುತೆಪ್ಪಗಳ ಬಳಕೆ ನಿಲ್ಲಬೇಕು ಎಂದು ಪ್ರಸ್ತಾಪ ತಂದಿತು. ಮತಕ್ಕೆ ಹಾಕಿದಾಗ ಗೆದ್ದಿತು. ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟ ಆಕ್ಷೇಪ ಸಲ್ಲಿಸಿತು. ಎರಡು ವರ್ಷ ಹಿಂದೆ ಆಕ್ಷೇಪಿಸುವವರನ್ನು ದೂರುತ್ತಿದ್ದವರು ಈಗ ಅದೇ ಕಿಂಡಿಯಲ್ಲಿ ನುಸುಳಿದರು. ಸ್ವತಃ ಆಯೋಗದ ಆತಿಥೇಯ ಸೆಶೆಲ್ಸ್ ಕೂಡ ಆಕ್ಷೇಪಿಸಿತು, ಏಕೆಂದರೆ ಆ ದೇಶದ ಬಂದರು ಮತ್ತು ದೊಡ್ಡ ಡಬ್ಬಿ ಕಾರ್ಖಾನೆ ನಿಂತಿರುವುದು ಪರ್ಸೀನ್ ಹಡಗುಗಳು ತರುವ ಮೀನಿನ ಮೇಲೆ. ಒಬ್ಬೊಬ್ಬರಾಗಿ ಸೇರಿ ಆಕ್ಷೇಪಣೆ ಮೂರನೇ ಒಂದು ಭಾಗ ದಾಟಿತು, ನಿರ್ಣಯ ಯಾರನ್ನೂ ಬಂಧಿಸದ ಕಾಗದವಾಯಿತು. ಆದರೆ ಏಟು ಬಿದ್ದಿತ್ತು. ಮರುವರ್ಷ ಬ್ಯಾಂಕಾಕ್‌ನಲ್ಲಿ ಒಂದು ಹಡಗಿಗೆ ತೆಪ್ಪಗಳ ಮಿತಿಯನ್ನು 300ರಿಂದ 2026ಕ್ಕೆ 250ಕ್ಕೆ, 2028ಕ್ಕೆ 225ಕ್ಕೆ ಇಳಿಸಲು ಒಪ್ಪಿಗೆಯಾಯಿತು. 72 ದಿನದ ನಿಷೇಧ ಇಲ್ಲ, ಮೊದಲಿನ ಸ್ವೇಚ್ಛೆಯೂ ಇಲ್ಲ.

ಇದರ ಮಧ್ಯೆ 2024ರ ಕೊನೆಗೆ ಯೆಲ್ಲೋಫಿನ್ ಬಗ್ಗೆ ಹೊಸ ಅಂದಾಜು ಬಂದು ಎಲ್ಲರೂ ಕಣ್ಣುಜ್ಜಿಕೊಂಡರು. ಸಂಗ್ರಹ ಸುಸ್ಥಿತಿಯಲ್ಲಿದೆ, ಅತಿಮೀನುಗಾರಿಕೆಯೂ ಇಲ್ಲ ಎಂದಿತು ಅದು. ಮೀನು ದಿಢೀರ್ ಹೆಚ್ಚಿತೇ? ದೊಡ್ಡ ಪಾಲು ಲೆಕ್ಕದ ಬದಲಾವಣೆಯದು. ಸಮುದ್ರದ ಮೀನನ್ನು ಕೆರೆಯ ನೀರಿನ ಹಾಗೆ ಅಳತೆಗೋಲು ಇಟ್ಟು ಅಳೆಯಲಾಗುವುದಿಲ್ಲ. ಒಂದು ಸಾವಿರ ಗಾಳಕ್ಕೆ ಎಷ್ಟು ಮೀನು ಸಿಕ್ಕಿತು ಎಂಬಂಥ ಹಡಗುಗಳ ದಾಖಲೆಯಿಂದ, ಸಿಕ್ಕ ಮೀನಿನ ಉದ್ದದಿಂದ, ಗುರುತುಪಟ್ಟಿ ಹಾಕಿದವು ಮರಳಿ ಸಿಕ್ಕ ರೀತಿಯಿಂದ ಒಟ್ಟು ಸಂಖ್ಯೆಯನ್ನು ಹಿಂದಕ್ಕೆ ಲೆಕ್ಕ ಹಾಕಬೇಕು. ಲಾಂಗ್‌ಲೈನ್ ಹಡಗುಗಳ ಆ ಸೂಚ್ಯಂಕವನ್ನು ಹೊಸದಾಗಿ ಲೆಕ್ಕ ಹಾಕಿದಾಗ ಚಿತ್ರ ಬದಲಾಯಿತು. ಆಕ್ಷೇಪಿಸಿದ ದೇಶಗಳು, ನಾವು ಹೇಳಿರಲಿಲ್ಲವೇ ಎಂದವು. ನನಗೆ ಕಂಡಂತೆ ಅದು ಅಷ್ಟು ಸರಳವಲ್ಲ. ಲೆಕ್ಕ ಇಷ್ಟು ಜಾರುವಂಥದ್ದಾದರೆ, ಕೆಂಪು ದೀಪ ಕಂಡಾಗ ನಿಲ್ಲುವ ಅಭ್ಯಾಸವೂ ಬೇಕು, ಹಸಿರು ಕಂಡಾಗ ನುಗ್ಗದಿರುವ ಅಭ್ಯಾಸವೂ ಬೇಕು.

ಹಾಗಾದರೆ ಸಹಕಾರ ಎಲ್ಲಾದರೂ ನಡೆದಿದೆಯೇ? ನಡೆದಿದೆ, ಎರಡು ಕಡೆ, ಎರಡು ಬೇರೆ ಕಾರಣಗಳಿಗೆ.

ಮೊದಲನೆಯದು ಪೆಸಿಫಿಕ್. 1984ರಲ್ಲಿ ಸಾಲೊಮನ್ ದ್ವೀಪಗಳ ಸರ್ಕಾರ ತನ್ನ ವಲಯದಲ್ಲಿ ಅನುಮತಿಯಿಲ್ಲದೆ ಟ್ಯೂನಾ ಹಿಡಿಯುತ್ತಿದ್ದ ಜೆನೆಟ್ ಡಯಾನಾ ಎಂಬ ಅಮೆರಿಕದ ಹಡಗನ್ನು ಹಿಡಿದು ಕಟ್ಟಿಹಾಕಿತು. ಓಡಾಡುವ ಮೀನಿನ ಮೇಲೆ ಕರಾವಳಿ ದೇಶಕ್ಕೆ ಹಕ್ಕಿಲ್ಲ ಎಂಬುದು ಆಗ ಅಮೆರಿಕದ ವಾದ. ಅದು ಸಾಲೊಮನ್‌ನ ಮೀನು ಆಮದನ್ನೇ ನಿಲ್ಲಿಸಿತು. ಆದರೆ ಶೀತಲ ಸಮರದ ಕಾಲ. ಮರುವರ್ಷ ಕಿರಿಬಾಟಿ ದೇಶ ಸೋವಿಯತ್ ಒಕ್ಕೂಟದೊಂದಿಗೆ ಮೀನುಗಾರಿಕೆ ಒಪ್ಪಂದ ಮಾಡಿಕೊಂಡ ಮೇಲೆ ಅಮೆರಿಕಕ್ಕೆ ಎಚ್ಚರವಾಯಿತು. 1987ರಲ್ಲಿ ಅದು ದ್ವೀಪರಾಷ್ಟ್ರಗಳೊಂದಿಗೆ ಹಣ ಕೊಟ್ಟು ಮೀನು ಹಿಡಿಯುವ ಒಪ್ಪಂದಕ್ಕೆ ಸಹಿ ಹಾಕಿತು.

ಆ ದ್ವೀಪಗಳು ಅಷ್ಟರಲ್ಲೇ ಒಂದು ಜಾಣತನ ಮಾಡಿದ್ದವು. 1982ರಲ್ಲಿ ನೌರು ಒಪ್ಪಂದದ ಹೆಸರಿನಲ್ಲಿ ಒಂದಾಗಿದ್ದವು. ಪಪುವಾ ನ್ಯೂಗಿನಿ, ಕಿರಿಬಾಟಿ, ಮೈಕ್ರೊನೇಷ್ಯಾ, ಮಾರ್ಷಲ್ ದ್ವೀಪಗಳು, ನೌರು, ಪಲಾವು, ಸಾಲೊಮನ್, ಟುವಾಲು, ಹೀಗೆ ಎಂಟು ದೇಶಗಳು. ನೆಲ ನೋಡಿದರೆ ಇವುಗಳಲ್ಲಿ ಕೆಲವು ನಮ್ಮ ಒಂದು ತಾಲ್ಲೂಕಿಗೂ ಸಮವಲ್ಲ, ನೀರು ನೋಡಿದರೆ ಸಾಮ್ರಾಜ್ಯ. ಜಗತ್ತಿನ ಸ್ಕಿಪ್‌ಜಾಕ್‌ನ ದೊಡ್ಡ ಪಾಲು ಅದೇ ನೀರಿನಲ್ಲಿ ಸಿಗುತ್ತದೆ. 2007ರಿಂದ ಅವು ಹಡಗುಗಳ ಸಂಖ್ಯೆಯ ಲೆಕ್ಕ ಬಿಟ್ಟು ದಿನ ಲೆಕ್ಕ ಹಿಡಿದವು. ವರ್ಷಕ್ಕೆ ಒಟ್ಟು ಸುಮಾರು 45,000 ಹಡಗುದಿನಗಳು, ಅವನ್ನು ಎಂಟೂ ದೇಶಗಳು ಹಂಚಿಕೊಂಡು ಮಾರುತ್ತವೆ. ಟನ್ ಲೆಕ್ಕದಲ್ಲಿ ಸುಳ್ಳು ಹೇಳಬಹುದು, ಉಪಗ್ರಹದ ಕಣ್ಣಡಿ ಇರುವ ಹಡಗು ದಿನದ ಲೆಕ್ಕದಲ್ಲಿ ಹೇಳುವುದು ಕಷ್ಟ. ಎಲ್ ನಿನೊ ವರ್ಷದಲ್ಲಿ ಬೆಚ್ಚಗಿನ ನೀರಿನೊಂದಿಗೆ ಮೀನು ಪೂರ್ವಕ್ಕೆ ಸರಿದರೆ ಪಶ್ಚಿಮದ ದೇಶ ತನ್ನ ದಿನಗಳನ್ನು ಪೂರ್ವದ ದೇಶಕ್ಕೆ ಬಿಟ್ಟುಕೊಟ್ಟು ಹಣ ಪಡೆಯಬಹುದು. ಮೀನು ಓಡಿದರೂ ಪಾಲು ಓಡುವುದಿಲ್ಲ. ಒಂದು ದಿನದ ಕನಿಷ್ಠ ಬೆಲೆ 8,000 ಡಾಲರ್ ಮುಟ್ಟಿತು. 2010ರಲ್ಲಿ 6 ಕೋಟಿ ಡಾಲರ್‌ನಷ್ಟಿದ್ದ ವಾರ್ಷಿಕ ಆದಾಯ ಅದೇ ದಶಕದಲ್ಲಿ 50 ಕೋಟಿಯ ಹತ್ತಿರ ಹೋಯಿತು. ಇವರ ಕೈಗೆ ಬೀಗದ ಕೀಲಿ ಸಿಕ್ಕಿದ್ದು ಮೀನು ಹೆಚ್ಚಿನಂಶ ಇವರ ವಲಯದೊಳಗೇ ಇದ್ದದ್ದರಿಂದ. ಹಿಂದೂ ಮಹಾಸಾಗರದ ಕರಾವಳಿ ದೇಶಗಳಿಗೆ ಅಂಥ ಒಗ್ಗಟ್ಟೂ ಇಲ್ಲ, ಅಂಥ ನೀರೂ ಇಲ್ಲ.

ಎರಡನೆಯದು ಅಟ್ಲಾಂಟಿಕ್‌ನ ಬ್ಲೂಫಿನ್. ಜಪಾನಿನ ಸುಶಿಗೆ ಹೋಗುವ, ಎರಡು ಮೂರು ಮೀಟರ್ ಬೆಳೆಯುವ ಮೀನು. ಅದರ ಪೆಸಿಫಿಕ್ ಸೋದರನೊಂದು, 278 ಕಿಲೋ ತೂಕದ್ದು, 2019ರ ಹೊಸವರ್ಷದ ಟೋಕಿಯೊ ಹರಾಜಿನಲ್ಲಿ 33 ಕೋಟಿ ಯೆನ್‌ಗೂ ಮೀರಿ ಹೋಯಿತೆಂದರೆ ಆಸೆಯ ಅಳತೆ ಸಿಗುತ್ತದೆ. 2007ರಲ್ಲಿ ಮ್ಯಾಡ್ರಿಡ್ ಆಯೋಗ ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ಗೆ ಕೊಟ್ಟ ಮಿತಿ 29,500 ಟನ್. ವಿಜ್ಞಾನಿಗಳ ಅಂದಾಜಿನಲ್ಲಿ ನಿಜವಾಗಿ ಹಿಡಿದದ್ದು 61,000 ಟನ್. ಆಯೋಗವೇ ನೇಮಿಸಿದ ಸ್ವತಂತ್ರ ಸಮಿತಿ ಮರುವರ್ಷ ಈ ನಿರ್ವಹಣೆಯನ್ನು ಅಂತರರಾಷ್ಟ್ರೀಯ ನಾಚಿಕೆಗೇಡು ಎಂದು ಕರೆಯಿತು. 2010ರ ಮಾರ್ಚ್‌ನಲ್ಲಿ ಮೊನಾಕೊ, ಬ್ಲೂಫಿನ್ ವ್ಯಾಪಾರವನ್ನೇ ನಿಷೇಧಿಸುವ ಪ್ರಸ್ತಾಪವನ್ನು ವನ್ಯಜೀವಿ ವ್ಯಾಪಾರ ಒಪ್ಪಂದದ ದೋಹಾ ಸಭೆಗೆ ಒಯ್ದಿತು. ಜಪಾನ್ ಒಗ್ಗೂಡಿಸಿದ ವಿರೋಧದೆದುರು ಪ್ರಸ್ತಾಪ ಬಿದ್ದುಹೋಯಿತು: ಪರ 20, ವಿರುದ್ಧ 68.

ಬಿದ್ದದ್ದೇ ಕೆಲಸ ಮಾಡಿತು. ಮುಂದಿನ ಸಲ ಬೀಳದೇ ಹೋದರೆ ಇಡೀ ವ್ಯಾಪಾರವೇ ಹೋಗುತ್ತದೆ ಎಂಬ ಭಯ ಮ್ಯಾಡ್ರಿಡ್‌ಗೆ ಹೊಕ್ಕಿತು. 2011ರ ಮಿತಿ 12,900 ಟನ್‌ಗೆ ಇಳಿಯಿತು. ಹಂಗಾಮು ಚಿಕ್ಕದಾಯಿತು, ಹಡಗುಗಳಲ್ಲಿ ವೀಕ್ಷಕರು ಕುಳಿತರು. ಹಿಡಿದ ಮೀನಿಗೆ ಬಲೆಯಿಂದ ಮಾರುಕಟ್ಟೆಯವರೆಗೂ ಮೊದಲೇ ಕಡ್ಡಾಯವಾಗಿದ್ದ ದಾಖಲೆ ಬಿಗಿಯಾಯಿತು, ದಾಖಲೆಯಿಲ್ಲದ ಮೀನಿಗೆ ಮಾರುಕಟ್ಟೆ ಮುಚ್ಚಿತು. ಮರಿಗಳು ಚೆನ್ನಾಗಿ ಉಳಿದ ವರ್ಷಗಳೂ ಕೈಹಿಡಿದವು. 2021ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಅಟ್ಲಾಂಟಿಕ್ ಬ್ಲೂಫಿನ್ ಕೆಳಗಿಳಿದು ಕನಿಷ್ಠ ಆತಂಕದ ಸಾಲಿಗೆ ಬಂತು, 2023ರ ಮಿತಿ 40,570 ಟನ್‌ಗೆ ಏರಿತು. 2022ರಲ್ಲಿ ಆಯೋಗ ಇನ್ನೂ ಒಂದು ಹೆಜ್ಜೆ ಇಟ್ಟಿತು: ಮೀನಿನ ಪ್ರಮಾಣದ ಸೂಚ್ಯಂಕ ಹೀಗೆ ಬಂದರೆ ಮಿತಿ ಹೀಗೆ ಎಂಬ ಸೂತ್ರವನ್ನು ಮೊದಲೇ ಒಪ್ಪಿಕೊಂಡಿತು. ಪ್ರತಿ ಸಭೆಯಲ್ಲೂ ಚೌಕಾಸಿಗೆ ಕೂರುವ ಬದಲು ಸೂತ್ರವೇ ಉತ್ತರ ಹೇಳುತ್ತದೆ.

ಹಿಂದೂ ಮಹಾಸಾಗರದಲ್ಲೂ ಇದರ ಪ್ರಯತ್ನವಾಗಿದೆ. ಮಾಲ್ದೀವ್ಸ್ ಮುಂದಾಗಿ 2016ರಲ್ಲಿ ಸ್ಕಿಪ್‌ಜಾಕ್‌ಗೆ ಸೂತ್ರ ಬಂತು. ಅದರಂತೆ 2018ರಿಂದ 2020ರವರೆಗಿನ ವಾರ್ಷಿಕ ಮಿತಿ 4,70,029 ಟನ್. ಕೊನೆಯ ಒಂಬತ್ತರವರೆಗೆ ನಿಖರ. ಆ ಮಿತಿಯಲ್ಲಿ ಯಾರ ಪಾಲು ಎಷ್ಟೆಂದು ಬರೆದಿರಲಿಲ್ಲವಾದ್ದರಿಂದ ಮೊದಲ ವರ್ಷವೇ ಅದು ಒಂದು ಲಕ್ಷ ಟನ್‌ಗೂ ಹೆಚ್ಚು ಅಂತರದಲ್ಲಿ ಒಡೆದುಹೋಯಿತು, ಯಾರೂ ತಪ್ಪಿತಸ್ಥರಾಗಲಿಲ್ಲ.

ಮತ್ತೆ ಪಾಲಿಗೇ ಬಂದೆವು. ಪಾಲಿನ ಸೂತ್ರಕ್ಕಾಗಿ ಆಯೋಗದ ಸಮಿತಿ ಮೊದಲು ಸೇರಿದ್ದು 2011ರಲ್ಲಿ, ನೈರೋಬಿಯಲ್ಲಿ. ಅಂದಿನಿಂದ ಜಗಳ ಮುಖ್ಯವಾಗಿ ಒಂದೇ. ಇಷ್ಟು ವರ್ಷ ಯಾರು ಎಷ್ಟು ಹಿಡಿದಿದ್ದಾರೋ ಅದೇ ಪಾಲಿಗೆ ಆಧಾರವಾಗಲಿ ಎನ್ನುತ್ತಾರೆ ದೂರದಿಂದ ಬರುವ ಹಡಗುಗಳ ದೇಶಗಳು. ನಮ್ಮ ವಲಯದೊಳಗೆ ನೀವು ಬಂದು ಹಿಡಿದದ್ದು ನಮ್ಮ ಖಾತೆಗೆ ಬರಬೇಕು ಎನ್ನುತ್ತಾರೆ ಕರಾವಳಿ ದೇಶಗಳು. 1974ರ ಭೂಸುಧಾರಣೆ ಕಂಡ ಕನ್ನಡಿಗರಿಗೆ ಇದು ಪರಿಚಿತ ವಾದ: ಉಳುವವನೇ ಹೊಲದೊಡೆಯನೋ, ಪಹಣಿಯಲ್ಲಿ ಹೆಸರಿರುವವನೋ? ನಮ್ಮಲ್ಲಿ ಆ ಘೋಷಣೆ ಬಡ ಗೇಣಿದಾರನ ಪರವಾಗಿತ್ತು. ಇಲ್ಲಿ ಚಿತ್ರ ತಿರುವುಮುರುವು. ಉಳುತ್ತಿರುವವನು ದೊಡ್ಡ ಹಡಗಿನ ಶ್ರೀಮಂತ, ಪಹಣಿ ಹಿಡಿದು ನಿಂತವನು ಹಡಗು ಕಟ್ಟಲು ದುಡ್ಡಿಲ್ಲದ ಸೊಮಾಲಿಯಾದವನು. ಹಳೆಯ ಹಿಡಿತದ ಲೆಕ್ಕವನ್ನು ಹಲವು ವರ್ಷಗಳಲ್ಲಿ ಹಂತಹಂತವಾಗಿ ಕರಾವಳಿ ದೇಶಗಳ ಖಾತೆಗೆ ವರ್ಗಾಯಿಸುವ ಕರಡುಗಳು ಬಂದಿವೆ, ಶೇಕಡಾವಾರಿನ ಚೌಕಾಸಿಯಲ್ಲಿ ಸಿಕ್ಕಿಕೊಂಡಿವೆ.

ಪಾಲು ಕೇಳಲು ಹಿಡಿದದ್ದಕ್ಕೆ ಪುರಾವೆಯೂ ಬೇಕು, ಅದು ಸಣ್ಣ ದೋಣಿಗಳ ದೇಶಗಳಿಗೆ ಕಷ್ಟದ ಕೆಲಸ. ಸ್ಪೇನ್‌ನ ಹಡಗಿನಲ್ಲಿ ಬರೆದುಕೊಳ್ಳಲು ಜನವಿದ್ದಾರೆ. ಇಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕ್ಷೇತ್ರ ಸಿಬ್ಬಂದಿ ಆಯ್ದ ದಿನಗಳಂದು ದಕ್ಕೆಗೆ ಬಂದು, ಬುಟ್ಟಿಗಳಲ್ಲಿ ಕಲಸಿ ಬಿದ್ದ ಮೀನನ್ನು ಜಾತಿಯಂತೆ ಎಣಿಸಿ, ಉದ್ದ ಅಳೆದು ಬರೆದುಕೊಳ್ಳುತ್ತಾರೆ. ಕೇದರವನ್ನು ಎದೆಯ ಕಪ್ಪು ಚುಕ್ಕೆಗಳಿಂದ ಕಂಡುಹಿಡಿಯಬಹುದು. ಯೆಲ್ಲೋಫಿನ್ ಮರಿಯನ್ನೂ ಬಿಗ್‌ಐ ಮರಿಯನ್ನೂ ಹೊರಗಿನಿಂದ ನೋಡಿ ಬೇರ್ಪಡಿಸುವುದು ನುರಿತವರಿಗೂ ಕಷ್ಟ. ಹೊಟ್ಟೆ ಸೀಳಿ ಪಿತ್ತಜನಕಾಂಗ ನೋಡಬೇಕು. ಬಿಗ್‌ಐಯದರ ಮೇಲೆ ಗೆರೆಗಳಿರುತ್ತವೆ, ಯೆಲ್ಲೋಫಿನ್‌ನದು ನುಣುಪು. ಹರಾಜು ಕೂಗುವವನು ಅಷ್ಟು ಹೊತ್ತು ಕಾಯುವುದಿಲ್ಲ.